ಆಪರೇಶನ್ ಮಾಡಿಸಿದ್ರೆ ಸರಿ ಹೋಗುತ್ತಾ?

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆದು. ಆಫೀಸಿನ ಗಡಿಬಿಡಿ ಅಂದರೆ ಅರ್ಧ ಸುಳ್ಳು. ಒಂದು ವಿಷಯ ತಲೆ ಕೊರೀತಾ ಇತ್ತು. ಅದನ್ನು ಬರೆಯದೆ ಸಿನಿಮಾ, ಮಳೆ, ಮಂಡಕ್ಕಿ ಅಂತ ಬರೆಯೋಕೆ ಮನಸ್ಸು ಬರಲಿಲ್ಲ. ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ. ನಾನು ಡಾಕ್ಟರ್ ಅಲ್ಲ, ಕೋಡ್ ಬರೆದು ಹೊಟ್ಟೆ ಹೊರೆಯುವವನು. ಆದ್ದರಿಂದ ಇದನ್ನು ಔಷಧಿ ಚೀಟಿ ಅಂತ ಓದಬೇಡಿ. ಒಬ್ಬ ಗೆಳೆಯನ ಜೊತೆ ಆಸ್ಪತ್ರೆ ಕಾರಿಡಾರಿನಲ್ಲಿ ಕೂತವನ ಮಾತು ಅಂತ ಓದಿ.

ಎರಡು ವರ್ಷದ ಹಿಂದೆ, ಮಳೆಗಾಲದ ಒಂದು ರಾತ್ರಿ ಹನ್ನೆರಡರ ಮೇಲೆ ಫೋನ್ ಬಂತು. ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಒಂದೇ ರೂಮಿನಲ್ಲಿದ್ದ ಗೆಳೆಯ. ಈಗ ಸಾಗರದ ಕಡೆ ಊರಲ್ಲೇ ಇದ್ದಾನೆ, ತೋಟ ನೋಡಿಕೊಂಡು. "ಗಂಡು ಮಗು ಮಾರಾಯ" ಅಂದ. ನಾನು ಕಂಗ್ರಾಟ್ಸ್ ಅನ್ನುವಷ್ಟರಲ್ಲಿ, "ಬೆನ್ನಲ್ಲಿ ಒಂದು ಗುಳ್ಳೆ ಇದೆ. ಚರ್ಮ ಇಲ್ಲ ಅಲ್ಲಿ. ಬೆಂಗಳೂರಿಗೆ ಕರ್ಕೊಂಡು ಹೋಗಿ ಅಂತಿದಾರೆ. ಆಪರೇಶನ್ ಮಾಡಿಸಿದ್ರೆ ಸರಿ ಹೋಗುತ್ತಾ?" ಅಂತ ಕೇಳಿದ.

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಎರಡು ವರ್ಷ ಅಲ್ಲಿ ಇಲ್ಲಿ ಓದಿ, ಓಡಾಡಿದ ಮೇಲೆ ಅನ್ನಿಸ್ತಿದೆ... ಆ ಪ್ರಶ್ನೆಯೇ ನಮ್ಮನ್ನು ದಾರಿ ತಪ್ಪಿಸುತ್ತೆ. ಅದನ್ನು ಹೇಳೋಕೇ ಈ ಬರಹ.

ಮೊದಲು ಇದೇನು ಅಂತ ನೋಡೋಣ. ಸ್ಪೈನಾ ಬೈಫಿಡಾ ಅಂದರೆ ಸೀಳಿದ ಬೆನ್ನೆಲುಬು. ಗರ್ಭ ಕಟ್ಟಿದ ಮೊದಲ ನಾಲ್ಕು ವಾರದಲ್ಲಿ ಭ್ರೂಣದ ಬೆನ್ನಿನ ಮೇಲೆ ಒಂದು ಹಾಳೆಯಂಥ ಪದರ ಮಡಚಿ ಕೊಳವೆ ಆಗುತ್ತೆ. ಅದೇ ಮುಂದೆ ಮೆದುಳು, ಬೆನ್ನುಹುರಿ. ಸುಮಾರು 28ನೇ ದಿನಕ್ಕೆ ಆ ಕೊಳವೆ ಪೂರ್ತಿ ಮುಚ್ಚಿಕೊಳ್ಳಬೇಕು. ಎಲ್ಲೋ ಒಂದು ಕಡೆ ಮುಚ್ಚದೇ ಉಳಿದರೆ ಇದು. ಕೆಲವರಲ್ಲಿ ಒಳಗಿನ ಮೂಳೆಯಲ್ಲಿ ಮಾತ್ರ ಸಣ್ಣ ಸಂದು ಇರುತ್ತೆ, ಜೀವನಪೂರ್ತಿ ಗೊತ್ತೇ ಆಗಲ್ಲ. ಕೆಲವರಲ್ಲಿ ನೀರು ತುಂಬಿದ ಚೀಲ ಮಾತ್ರ ಹೊರಗೆ ಬಂದಿರುತ್ತೆ. ಮೂರನೆಯದು, ಎಲ್ಲಕ್ಕಿಂತ ಕಷ್ಟದ್ದು, ಬೆನ್ನುಹುರಿಯೇ ತೆರೆದುಕೊಂಡು ಹೊರಗೆ ಬಂದಿರೋದು. ಅದನ್ನು ಮೈಲೋಮೆನಿಂಗೋಸೀಲ್ ಅಂತಾರೆ. ಗೆಳೆಯನ ಮಗುವಿಗೆ ಇದ್ದದ್ದು ಅದು, ಸೊಂಟದ ಹತ್ತಿರ.

ಅದು ಬೆಂಗಳೂರಿಗೆ ಬಂದು ತಲುಪಿದ್ದು ಮಾರನೇ ದಿನ ಮಧ್ಯಾಹ್ನ. ಆಂಬುಲೆನ್ಸಿನಲ್ಲಿ ಮಗುವನ್ನು ಬೋರಲು ಮಲಗಿಸಿ, ಬೆನ್ನಿಗೆ ಒದ್ದೆ ಬಟ್ಟೆ ಹಾಕಿಕೊಂಡು ಬಂದಿದ್ದರು. ತಾಯಿ ಬಂದಿರಲಿಲ್ಲ. ಸಿಸೇರಿಯನ್ ಆಗಿ ಶಿವಮೊಗ್ಗದಲ್ಲೇ ಮಲಗಿದ್ದಳು. ಬಂದವರು ಗೆಳೆಯ, ಅವನ ಮಾವ, ಮತ್ತೆ ದೊಡ್ಡಪ್ಪ.

ನ್ಯೂರೋಸರ್ಜನ್ ಒಬ್ಬರು ಬಂದು ಐದು ನಿಮಿಷ ಮಾತಾಡಿದರು. ಒಂದು ಮಾತು ಮಾತ್ರ ಸ್ಪಷ್ಟವಾಗಿ ನೆನಪಿದೆ. "ಇದು ಗಾಯ ಮುಚ್ಚೋ ಆಪರೇಶನ್. ಕಾಲಿಗೆ ಶಕ್ತಿ ತರೋ ಆಪರೇಶನ್ ಅಲ್ಲ." ಹುಟ್ಟಿದ ಎರಡು-ಮೂರು ದಿನದೊಳಗೆ ಬೆನ್ನುಹುರಿಯನ್ನು ಒಳಗೆ ಸೇರಿಸಿ, ಅದರ ಮೇಲಿನ ಪೊರೆ ಹೊಲಿದು, ಚರ್ಮ ಮುಚ್ಚುತ್ತಾರೆ. ಸೋಂಕು ಮೆದುಳಿಗೆ ಏರದ ಹಾಗೆ ತಡೆಯೋದು, ಇರುವ ನರಗಳನ್ನು ಉಳಿಸಿಕೊಳ್ಳೋದು ಇದರ ಉದ್ದೇಶ. ಆಗಲೇ ಕೆಟ್ಟಿರುವ ನರ ಇದರಿಂದ ಸರಿಯಾಗಲ್ಲ.

ಡಾಕ್ಟರ್ ಹೋದ ಮೇಲೆ ಕಾರಿಡಾರಿನಲ್ಲಿ ಸಭೆ ಸೇರಿತು. ದೊಡ್ಡಪ್ಪ ಕೆಟ್ಟ ಮನುಷ್ಯ ಅಲ್ಲ, ಆದರೆ ಅವರೇ ಅಂದರು, "ಇದೊಂದನ್ನ ಬಿಟ್ಟುಬಿಡಿ. ಇನ್ನೊಂದು ಆಗುತ್ತೆ." ಮಾವ ಯಾವುದೋ ಗ್ರಹಣದ ದಿನ ಮಗಳು ಹೊರಗೆ ಬಂದಿದ್ದನ್ನು ನೆನಪಿಸಿಕೊಂಡರು. ಮತ್ತೆ ನಾನು? ನಾನು ಮಹಾ ಬುದ್ಧಿವಂತನ ಹಾಗೆ ಮೊಬೈಲಿನಲ್ಲಿ ಹುಡುಕಿ, ಅಮೆರಿಕದಲ್ಲಿ ಹೊಟ್ಟೆಯೊಳಗೇ ಈ ಆಪರೇಶನ್ ಮಾಡ್ತಾರಂತೆ ಕಣೋ ಅಂತ ವೀಡಿಯೋ ತೋರಿಸಿದೆ. ಆಗಲೇ ಹುಟ್ಟಿರುವ ಮಗುವಿನ ಅಪ್ಪನಿಗೆ! ಅವನು ಅದನ್ನು ಪೂರ್ತಿ ನೋಡಿ, "ಐದು ತಿಂಗಳಿಗೆ ಸ್ಕ್ಯಾನ್ ಮಾಡಿಸಿದ್ವಲ್ಲೋ, ನಾರ್ಮಲ್ ಅಂದಿದ್ರು" ಅಂದ. ಆ ಮುಖ ಇವತ್ತಿಗೂ ಮರೆತಿಲ್ಲ.

ಈಗ ಆ ವೀಡಿಯೋದ ವಿಷಯಕ್ಕೇ ಬರ್ತೀನಿ, ಯಾಕಂದ್ರೆ ಸ್ಪೈನಾ ಬೈಫಿಡಾ ಅಂತ ಹುಡುಕಿದವರಿಗೆಲ್ಲ ಮೊದಲು ಸಿಗೋದು ಅದೇ. ಗರ್ಭದಲ್ಲೇ ಆಪರೇಶನ್ ಮಾಡೋದರ ಬಗ್ಗೆ ಅಮೆರಿಕದ ಮೂರು ಆಸ್ಪತ್ರೆಗಳು ಸೇರಿ 2003ರಿಂದ ಒಂದು ದೊಡ್ಡ ಪರೀಕ್ಷೆ ಮಾಡಿದವು. ಮಾಮ್ಸ್ ಅಂತ ಹೆಸರು. ಅರ್ಧ ಬಸುರಿಯರಿಗೆ 26 ವಾರ ತುಂಬುವ ಮೊದಲೇ ಗರ್ಭಕೋಶ ತೆರೆದು ಮಗುವಿನ ಬೆನ್ನು ಹೊಲಿದರು. ಇನ್ನರ್ಧ ಜನರ ಮಕ್ಕಳಿಗೆ ಹುಟ್ಟಿದ ಮೇಲೆ. 183 ಜನ ಸೇರುವಷ್ಟರಲ್ಲೇ ವ್ಯತ್ಯಾಸ ಎಷ್ಟು ಸ್ಪಷ್ಟವಾಗಿತ್ತೆಂದರೆ 2010ರ ಕೊನೆಗೆ ಪರೀಕ್ಷೆ ನಿಲ್ಲಿಸಿ, 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ವರ್ಷದೊಳಗೆ ಮೆದುಳಿನ ನೀರಿಗೆ ಶಂಟ್ ಹಾಕಬೇಕಾಗಿ ಬಂದದ್ದು ಗರ್ಭದಲ್ಲಿ ಆಪರೇಶನ್ ಆದ ಮಕ್ಕಳಲ್ಲಿ ಶೇ. 40, ಹುಟ್ಟಿದ ಮೇಲೆ ಆದವರಲ್ಲಿ ಶೇ. 82. ಎರಡೂವರೆ ವರ್ಷಕ್ಕೆ ಯಾವ ಆಸರೆಯೂ ಇಲ್ಲದೆ ನಡೆದವರು ಶೇ. 42, ಇನ್ನೊಂದು ಕಡೆ ಶೇ. 21.

ಇಷ್ಟೇ ಹೇಳಿದರೆ ಅರ್ಧ ಕತೆ. ಗರ್ಭದಲ್ಲಿ ಆಪರೇಶನ್ ಆದವರಲ್ಲಿ ಶೇ. 79 ಮಕ್ಕಳು ದಿನ ತುಂಬುವ ಮೊದಲೇ ಹುಟ್ಟಿದವು. ಇನ್ನೊಂದು ಗುಂಪಿನಲ್ಲಿ ಅದು ಶೇ. 15. ಗರ್ಭಕೋಶ ತೆರೆದು ಹೊಲಿದ ಮೇಲೆ ಆ ತಾಯಿಗೆ ಮುಂದಿನ ಹೆರಿಗೆಗಳೆಲ್ಲ ಸಿಸೇರಿಯನ್ನೇ, ಹೊಲಿಗೆ ಬಿಡುವ ಅಪಾಯ ಬೇರೆ. ಆರೋಗ್ಯವಾಗಿರುವ ಹೆಂಗಸಿನ ಮೇಲೆ ಆಗುವ ಆಪರೇಶನ್ ಇದು ಅನ್ನೋದನ್ನು ಮರೆಯಬಾರದು. ಗರ್ಭಕೋಶವನ್ನು ಕೊಯ್ಯದೆ ಸಣ್ಣ ತೂತುಗಳಲ್ಲಿ ಕೊಳವೆ ಇಳಿಸಿ ಮಾಡುವ ವಿಧಾನ ಆಮೇಲೆ ಬಂತು. ಆದರೆ ಯಾವುದೇ ವಿಧಾನ ಇರಲಿ, ಮೊದಲು ಸ್ಕ್ಯಾನಿನಲ್ಲಿ ಸಮಯಕ್ಕೆ ಸರಿಯಾಗಿ ಗೊತ್ತಾಗಬೇಕು. ಅಲ್ಲೇ ನಮ್ಮಲ್ಲಿ ಬಹಳ ಜನರ ಬಾಗಿಲು ಮುಚ್ಚಿಹೋಗುತ್ತೆ. ಗೆಳೆಯನ ಮಗುವಿನದೂ ಹಾಗೇ ಆಯ್ತು. ಆಮೇಲೆ ಉಳಿಯೋದು ಹುಟ್ಟಿದ ನಂತರದ ಆಪರೇಶನ್‌ಗಳು. ಅವುಗಳ ಬಗ್ಗೆ ವೀಡಿಯೋ ಕಡಿಮೆ.

ಅವುಗಳಲ್ಲಿ ಮುಖ್ಯವಾದದ್ದು ಶಂಟ್. ಈ ಮಕ್ಕಳಲ್ಲಿ ಬಹಳಷ್ಟು ಜನಕ್ಕೆ ಮೆದುಳಿನೊಳಗಿನ ನೀರು ಇಳಿದು ಹೋಗದೆ ತಲೆ ದೊಡ್ಡದಾಗುತ್ತೆ. ಮೆದುಳಿನಿಂದ ಚರ್ಮದ ಅಡಿಯಲ್ಲೇ ಒಂದು ತೆಳು ಕೊಳವೆ ಹೊಟ್ಟೆಯವರೆಗೆ ಎಳೆದು, ಮಧ್ಯೆ ಒಂದು ಕವಾಟ ಇಟ್ಟು, ಹೆಚ್ಚಾದ ನೀರು ಮಾತ್ರ ಹರಿಯುವ ಹಾಗೆ ಮಾಡ್ತಾರೆ.

ಈ ಕವಾಟದ ಹಿಂದಿನ ಕತೆ ಓದಿದ ದಿನ ನಂಗೆ ನಿದ್ದೆ ಬರಲಿಲ್ಲ. 1955ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ಹತ್ತಿರ ಜಾನ್ ಹೋಲ್ಟರ್ ಅಂತ ಒಬ್ಬನಿಗೆ ಕೇಸಿ ಅನ್ನೋ ಮಗ ಹುಟ್ಟಿದ, ಇದೇ ತೊಂದರೆ ಇಟ್ಟುಕೊಂಡು. ಹೋಲ್ಟರ್ ಡಾಕ್ಟರ್ ಅಲ್ಲ, ಬೀಗ ತಯಾರಿಸುವ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಮೆಕ್ಯಾನಿಕ್. ಆಗಿನ ಕೊಳವೆಗಳು ಪದೇ ಪದೇ ಕಟ್ಟಿಕೊಳ್ಳುತ್ತಿದ್ದವು. ಡಾಕ್ಟರ್ ಯೂಜೀನ್ ಸ್ಪಿಟ್ಜ್ ತಮ್ಮ ತೊಂದರೆ ಹೇಳಿದರು: ಒಂದೇ ದಿಕ್ಕಿಗೆ ನೀರು ಬಿಡುವ, ದೇಹ ಒಪ್ಪಿಕೊಳ್ಳುವ ಸಣ್ಣ ಕವಾಟ ಬೇಕು. ಹೋಲ್ಟರ್ ಮನೆಗೆ ಹೋಗಿ ಕೂತು, ಸಿಲಿಕೋನ್ ರಬ್ಬರಿನಲ್ಲಿ ಸೀಳು ಮಾಡಿ ಆ ಕವಾಟ ಮಾಡಿದ. 1956ರಲ್ಲಿ ಅದು ಮಕ್ಕಳಿಗೆ ಹಾಕಲು ಶುರುವಾಯ್ತು. ಕೇಸಿ ಐದು ವರ್ಷ ಅಷ್ಟೇ ಬದುಕಿದ. ಕವಾಟ ಮಾತ್ರ ಲೋಕದ ಎಷ್ಟೋ ಮಕ್ಕಳನ್ನು ಉಳಿಸಿತು. ನಾವು ಇಂಜಿನಿಯರ್ ಅಂತ ಬೋರ್ಡ್ ಹಾಕಿಕೊಂಡವರು ಒಂದು ಬಟನ್ ಎಡಕ್ಕಿರಬೇಕೋ ಬಲಕ್ಕೋ ಅಂತ ಎರಡು ಗಂಟೆ ಮೀಟಿಂಗ್ ಮಾಡ್ತೀವಿ (ನಗಬೇಡಿ, ನೀವೂ ಮಾಡಿರ್ತೀರಿ).

ಆದರೆ ಶಂಟ್ ಹಾಕಿದರೆ ಮುಗೀತು ಅಂತಲ್ಲ. ಅದು ಕಟ್ಟಿಕೊಳ್ಳುತ್ತೆ, ಸೋಂಕಾಗುತ್ತೆ. ಚಿಕ್ಕ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಶಂಟ್‌ಗಳು ಎರಡು ವರ್ಷದೊಳಗೆ ಕೆಡುತ್ತವೆ. ಕೆಟ್ಟಾಗ ಮಗು ವಾಂತಿ ಮಾಡುತ್ತೆ, ಮಂಪರಾಗುತ್ತೆ, ನೆತ್ತಿ ಉಬ್ಬುತ್ತೆ. ಆಗ ಗಂಟೆಗಳ ಲೆಕ್ಕದಲ್ಲಿ ನ್ಯೂರೋಸರ್ಜನ್ ಹತ್ತಿರ ಇರಬೇಕು. ಮಳೆಗಾಲದಲ್ಲಿ ಸಾಗರದ ಆಚೆಯ ಹಳ್ಳಿಯಿಂದ ಬೆಂಗಳೂರಿಗೆ ಎಷ್ಟು ಗಂಟೆ ಅಂತ ಆ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ಗೆಳೆಯನ ಮಗುವಿಗೆ ಎಂಟನೇ ತಿಂಗಳಲ್ಲಿ ಹೀಗೇ ಆಯ್ತು. ಪುಣ್ಯಕ್ಕೆ ಆ ವಾರ ಅವರು ಬೆಂಗಳೂರಿನಲ್ಲೇ, ನಮ್ಮ ಮನೆಯಲ್ಲಿದ್ದರು. ಪುಣ್ಯ ಅನ್ನೋದು ಒಂದು ಚಿಕಿತ್ಸಾ ವ್ಯವಸ್ಥೆ ಅಲ್ಲವಲ್ಲ...

ಇದೇ ದೂರದ ಸಮಸ್ಯೆಯನ್ನು ಎದುರು ಹಾಕಿಕೊಂಡ ಒಬ್ಬರ ಬಗ್ಗೆ ಹೇಳಲೇಬೇಕು. ಬೆಂಜಮಿನ್ ವಾರ್ಫ್ ಅನ್ನುವ ಅಮೆರಿಕದ ನ್ಯೂರೋಸರ್ಜನ್ ಉಗಾಂಡಾದ ಎಂಬಾಲೆ ಪಟ್ಟಣದ ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಶಂಟ್ ಕೆಟ್ಟರೆ ಹಳ್ಳಿಯ ಮಗು ವಾಪಸ್ ಬರುವಷ್ಟರಲ್ಲಿ ಸತ್ತೇ ಹೋಗುತ್ತೆ ಅಂತ ಅವರಿಗೆ ಗೊತ್ತಿತ್ತು. ಅದಕ್ಕೆ ಶಂಟೇ ಇಲ್ಲದೆ ಮಾಡುವ ದಾರಿ ಹುಡುಕಿದರು. ಎಂಡೋಸ್ಕೋಪ್ ಇಳಿಸಿ ಮೆದುಳಿನ ಒಳಗೇ ನೀರು ಹರಿಯಲು ಒಂದು ಹೊಸ ಕಿಂಡಿ ಮಾಡೋದು, ಜೊತೆಗೆ ನೀರು ಉತ್ಪಾದಿಸುವ ಅಂಗಾಂಶವನ್ನು ಸ್ವಲ್ಪ ಸುಡೋದು. ಸ್ಪೈನಾ ಬೈಫಿಡಾ ಇದ್ದ ಶಿಶುಗಳಲ್ಲಿ ಸುಮಾರು ಮುಕ್ಕಾಲು ಪಾಲು ಜನಕ್ಕೆ ಇದು ಕೆಲಸ ಮಾಡಿತು ಅಂತ ಅವರು ವರದಿ ಮಾಡಿದರು. ಅವರದೇ ಇನ್ನೊಂದು ಅಧ್ಯಯನ 2005ರಲ್ಲಿ ಬಂತು. ನಮ್ಮ ಉತ್ತರ ಪ್ರದೇಶದಲ್ಲಿ ತಯಾರಾಗುವ ಛಾಬ್ರಾ ಶಂಟನ್ನು ಅಮೆರಿಕದ ದುಬಾರಿ ಶಂಟಿನ ಜೊತೆ 195 ಮಕ್ಕಳಲ್ಲಿ ಹೋಲಿಸಿ ನೋಡಿದರು. ಆಗ ಒಂದರ ಬೆಲೆ 35 ಡಾಲರ್, ಇನ್ನೊಂದರದು 650. ಒಂದು ವರ್ಷದ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಇನ್ನು ಯಾರೂ ಬಾಯಿಬಿಟ್ಟು ಮಾತಾಡದ ವಿಷಯ. ಉಚ್ಚೆ. ಸೊಂಟದ ಕೆಳಗಿನ ನರ ಕೆಟ್ಟಿರುವುದರಿಂದ ಮೂತ್ರಕೋಶ ಪೂರ್ತಿ ಖಾಲಿಯಾಗಲ್ಲ. ಒಳಗೇ ಉಳಿದದ್ದು ಸೋಂಕಾಗಿ, ಒತ್ತಡ ಹೆಚ್ಚಾಗಿ, ನಿಧಾನಕ್ಕೆ ಕಿಡ್ನಿಯನ್ನು ತಿನ್ನುತ್ತೆ. ಬೆನ್ನಿನ ಗಾಯ ಎಲ್ಲರಿಗೂ ಕಾಣುತ್ತೆ, ಕಿಡ್ನಿ ಕಾಣಲ್ಲ. ಗೆಳೆಯನಿಗೆ ಕೊಟ್ಟ ಡಿಸ್ಚಾರ್ಜ್ ಕಾಗದದಲ್ಲಿ ಕೊನೆಯ ಸಾಲು "ಯೂರಾಲಜಿ ಫಾಲೋ ಅಪ್" ಅಂತಿತ್ತು. ಎರಡೂವರೆ ಪದ. ಅದರ ಅರ್ಥ ಏನು, ಯಾಕೆ, ಯಾವಾಗ, ಯಾರೂ ಹೇಳಲಿಲ್ಲ. ಅವರೂ ಕೇಳಲಿಲ್ಲ. ನಾನೂ ಓದಿ ಮಡಚಿಟ್ಟೆ. ಆರನೇ ತಿಂಗಳಲ್ಲಿ ಮಗುವಿಗೆ ಬಿಡದ ಜ್ವರ ಬಂದಾಗ ಗೊತ್ತಾಯ್ತು, ಒಂದು ಕಿಡ್ನಿ ಆಗಲೇ ಊದಿಕೊಂಡಿದೆ ಅಂತ.

ಇದಕ್ಕೆ ಉಪಾಯ 1972ರಿಂದ ಇದೆ. ಮಿಷಿಗನ್ನಿನ ಜ್ಯಾಕ್ ಲ್ಯಾಪಿಡಿಸ್ ಅನ್ನೋ ಡಾಕ್ಟರ್, ದಿನಕ್ಕೆ ಕೆಲವು ಸಲ ತೆಳು ಕ್ಯಾಥೆಟರ್ ಹಾಕಿ ಮೂತ್ರ ಖಾಲಿ ಮಾಡಿ ತೆಗೆದುಬಿಟ್ಟರೆ ಸಾಕು, ಆಪರೇಶನ್ ಥಿಯೇಟರಿನ ಶುದ್ಧತೆ ಬೇಡ, ಸೋಪಿನಲ್ಲಿ ತೊಳೆದ ಕೈ ಸಾಕು ಅಂತ ತೋರಿಸಿದರು. ಗೆಳೆಯನ ಹೆಂಡತಿ ಒಂದು ಮಧ್ಯಾಹ್ನದಲ್ಲಿ ಇದನ್ನು ಕಲಿತಳು. ಮಕ್ಕಳು ದೊಡ್ಡವರಾದ ಮೇಲೆ ಅಪೆಂಡಿಕ್ಸನ್ನೇ ದಾರಿ ಮಾಡಿ ಹೊಕ್ಕುಳ ಹತ್ತಿರದಿಂದ ಕ್ಯಾಥೆಟರ್ ಹಾಕಿಕೊಳ್ಳುವ ಆಪರೇಶನ್ನೂ ಇದೆ. 1980ರಲ್ಲಿ ಫ್ರಾನ್ಸಿನ ಮಿತ್ರೋಫನಾಫ್ ವಿವರಿಸಿದ್ದು. ವೀಲ್‌ಚೇರಿನಲ್ಲಿ ಕೂತ ಹುಡುಗಿಯೂ ತನ್ನ ಕೆಲಸ ತಾನೇ ಮಾಡಿಕೊಳ್ಳಬಹುದು. ಇವಲ್ಲದೆ ವಕ್ರಪಾದಕ್ಕೆ ಪ್ಲಾಸ್ಟರ್, ಬೆಳೆಯುವಾಗ ಬೆನ್ನುಹುರಿ ಅಂಟಿಕೊಂಡು ಎಳೆದರೆ ಬಿಡಿಸೋ ಆಪರೇಶನ್, ಹೀಗೆ ಪಟ್ಟಿ ಇದೆ. ಎಲ್ಲ ಮಕ್ಕಳಿಗೂ ಎಲ್ಲವೂ ಬೇಕಾಗಲ್ಲ.

ಈಗ ದೊಡ್ಡಪ್ಪನ ಮಾತಿಗೆ ಬರೋಣ. "ಬಿಟ್ಟುಬಿಡಿ." ಇದು ಬರೀ ನಮ್ಮೂರಿನ ದೊಡ್ಡಪ್ಪಂದಿರ ಮಾತಲ್ಲ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹುಟ್ಟಿದ ಇಂಥ ಎಲ್ಲ ಮಕ್ಕಳಿಗೂ ಆಪರೇಶನ್ ಮಾಡುವ ಪದ್ಧತಿ 1959ರ ಸುಮಾರಿಗೆ ಶುರುವಾಯ್ತು. ಅಲ್ಲಿಯದೇ ಜಾನ್ ಲಾರ್ಬರ್ ಅನ್ನುವ ಡಾಕ್ಟರ್ 1971ರಲ್ಲಿ 524 ಮಕ್ಕಳ ಲೆಕ್ಕ ಹಾಕಿ, ತೀವ್ರವಾಗಿ ಬಾಧಿತರಾದವರಿಗೆ ಆಪರೇಶನ್ ಮಾಡೋದು ಬೇಡ ಅಂತ ಬರೆದರು. ಅವರೂ ಕ್ರೂರಿ ಅಲ್ಲ. ಆ ಮಕ್ಕಳು ಪಟ್ಟ ಪಾಡು ಕಣ್ಣಾರೆ ನೋಡಿದ್ದರು. ಹತ್ತು-ಹದಿನೈದು ಆಪರೇಶನ್, ಆಮೇಲೆ ಕಿಡ್ನಿ ಹೋಗಿ ಸಾವು, ಇದು ಯಾವ ದಯೆ ಅನ್ನೋದು ಸುಲಭಕ್ಕೆ ತಳ್ಳಿಹಾಕುವ ಪ್ರಶ್ನೆ ಅಲ್ಲ.

ಆದರೆ ಇಸವಿ ಗಮನಿಸಿ. ಲಾರ್ಬರ್ ಬರೆದದ್ದು 1971. ಲ್ಯಾಪಿಡಿಸ್ ಕ್ಯಾಥೆಟರ್ ಬಗ್ಗೆ ಬರೆದದ್ದು 1972. ಲಾರ್ಬರ್ ಹಾಕಿದ ಲೆಕ್ಕದಲ್ಲಿ ಆ ಮಕ್ಕಳ ಕಿಡ್ನಿ ಉಳಿಸುವ ಆ ತೆಳು ಕೊಳವೆ ಇರಲೇ ಇಲ್ಲ! ಮಗುವಿನ ಹಣೆಬರಹ ಅಂತ ಓದಿದ್ದು ನಿಜಕ್ಕೂ ಆ ಕಾಲದ ಆರೈಕೆಯ ಮಟ್ಟವಾಗಿತ್ತು.

ನಾನು ಹೇಳಬೇಕಾಗಿದ್ದದ್ದು ಇದು. ಈ ಮಕ್ಕಳ ಬದುಕು ಮೊದಲನೇ ಆಪರೇಶನ್ನಿಗಿಂತ ಹೆಚ್ಚಾಗಿ ಆಮೇಲಿನ ಸಣ್ಣ, ಅಗ್ಗದ, ದಿನಾ ಮಾಡುವ ಕೆಲಸಗಳ ಮೇಲೆ ನಿಂತಿದೆ. ಕಷ್ಟದ ಆಪರೇಶನ್ ಮಾಡುವ ಸರ್ಜನ್‌ಗಳು ನಮ್ಮ ರಾಜ್ಯದಲ್ಲಿ ಇದ್ದಾರೆ. ಕ್ಯಾಥೆಟರ್ ಹಾಕೋದು ಹೇಗೆ ಅಂತ ಕನ್ನಡದಲ್ಲಿ ಹೇಳಿಕೊಡುವ ಒಬ್ಬ ನರ್ಸ್, ಶಂಟ್ ಕೆಟ್ಟ ಲಕ್ಷಣ ಬರೆದ ಒಂದು ಕನ್ನಡದ ಹಾಳೆ, ಆರು ತಿಂಗಳಿಗೊಮ್ಮೆ "ಬಂದಿಲ್ವಲ್ಲ ನೀವು" ಅಂತ ಒಂದು ಫೋನ್, ಇವು ಗೆಳೆಯನಿಗೆ ಸಿಗಲಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತೊಂದರೆಗಳ ಪಟ್ಟಿಯಲ್ಲಿ ಇದೂ ಸೇರಿದೆ. ಪಟ್ಟಿಯಲ್ಲಿ ಇರೋದು ಬೇರೆ, ಹಿಂದೆ ಬಿದ್ದು ನೋಡಿಕೊಳ್ಳೋದು ಬೇರೆ. ನಮ್ಮ ಕೆಲಸದಲ್ಲಿ ರಿಲೀಸ್ ಆದ ಮೇಲೆ ಮೇಂಟೆನೆನ್ಸ್ ಇಲ್ಲ ಅಂದ್ರೆ ಕಸ್ಟಮರ್ ಸುಮ್ಮನಿರ್ತಾನಾ? ಇಲ್ಲಿ ಕಸ್ಟಮರಿಗೆ ಮಾತು ಬರಲ್ಲ, ಅಷ್ಟೇ ವ್ಯತ್ಯಾಸ.

ಮತ್ತೊಂದು. ಆ ತೀರ್ಮಾನ ತಾಯಿ ಇಲ್ಲದ ಕಾರಿಡಾರಿನಲ್ಲಿ ಆಗಬಾರದು. ಅವತ್ತು ಸಂಜೆ ಗೆಳೆಯ ಕೊನೆಗೂ ಹೆಂಡತಿಗೆ ಫೋನ್ ಮಾಡಿ, ಡಾಕ್ಟರ್ ಹೇಳಿದ್ದು, ದೊಡ್ಡಪ್ಪ ಹೇಳಿದ್ದು ಎಲ್ಲ ಹೇಳಿದ. ಸ್ಪೀಕರ್ ಹಾಕಿದ್ದ. ಅವಳು ಕೇಳಿದ್ದು ಎರಡೇ. "ಅಳ್ತಾ ಇದ್ಯಾ? ಹಾಲು ಕುಡೀತಾ?" ಹೂಂ ಅಂದ. "ಮತ್ತೆ ನನ್ನ ಏನು ಕೇಳ್ತೀರಿ, ಮಾಡ್ಸಿ." ಎಲ್ಲರೂ ಹೀಗೇ ಹೇಳಬೇಕು ಅಂತ ನನ್ನ ವಾದ ಅಲ್ಲ. ಮೊದಲೇ ಗೊತ್ತಾದವರು ಗರ್ಭ ಮುಂದುವರಿಸೋದು ಬೇಡ ಅಂದುಕೊಂಡರೆ ಅದು ಅವರ ನಿರ್ಧಾರ. 2021ರ ತಿದ್ದುಪಡಿಯ ನಂತರ, ಭ್ರೂಣದಲ್ಲಿ ಗಂಭೀರ ತೊಂದರೆ ಇದೆ ಅಂತ ವೈದ್ಯಕೀಯ ಮಂಡಳಿ ಹೇಳಿದರೆ ಕಾನೂನು 24 ವಾರದ ಮಿತಿಯನ್ನೂ ಅಡ್ಡ ತರುವುದಿಲ್ಲ. ಆದರೆ ಬೇಕು ಅನ್ನುವವರಿಗೂ ಬೇಡ ಅನ್ನುವವರಿಗೂ ಪೂರ್ತಿ ಮಾಹಿತಿ ಸಿಗಬೇಕು. ಗ್ರಹಣದ ಮಾಹಿತಿ ಅಲ್ಲ.

ಗ್ರಹಣ ಅಂದೆನಲ್ಲ, ಒಂದು ಮಾತು. ಫೋಲಿಕ್ ಆಸಿಡ್ ಮಾತ್ರೆ ಈ ತೊಂದರೆಯನ್ನು ಬಹಳಷ್ಟು ತಡೆಯುತ್ತೆ. ಮೊದಲೇ ಇಂಥ ಮಗು ಆಗಿದ್ದ ತಾಯಂದಿರಲ್ಲಿ ಅದು ಮರುಕಳಿಸೋದು ಶೇ. 72ರಷ್ಟು ಕಡಿಮೆಯಾಯ್ತು ಅಂತ 1991ರಲ್ಲೇ ಬ್ರಿಟನ್ನಿನ ಅಧ್ಯಯನ ತೋರಿಸಿತು. ಅಂಥವರಿಗೆ ಹೆಚ್ಚಿನ ಪ್ರಮಾಣ ಬೇಕು, ಡಾಕ್ಟರನ್ನು ಕೇಳಿಯೇ ತಗೋಬೇಕು. ಆದರೆ ಕೊಳವೆ ಮುಚ್ಚೋದು 28ನೇ ದಿನಕ್ಕೆ. ಬಸುರಿ ಅಂತ ಗೊತ್ತಾಗಿ, ಮೂರನೇ ತಿಂಗಳಿಗೆ ಕಾರ್ಡ್ ಮಾಡಿಸಿ, ಮಾತ್ರೆ ಕೈಗೆ ಬರುವಷ್ಟರಲ್ಲಿ ಆ ದಿನ ಕಳೆದಿರುತ್ತೆ. ಹಾಗಾಗಿ ಮಗು ಬೇಕು ಅಂದುಕೊಂಡಾಗಲೇ ಶುರು ಮಾಡಬೇಕು. ಇದನ್ನು ಓದುವ ಹೊಸ ದಂಪತಿಗಳು ದಯವಿಟ್ಟು ನೆನಪಿಡಿ. ಆಗಿಹೋದ ಮೇಲೆ ತಾಯಿಯನ್ನು ಬೈಯುವ ದೊಡ್ಡವರೂ ನೆನಪಿಡಿ.

ಇಲ್ಲಿ ಬರುವ ನಿಮ್ಮಲ್ಲಿ ಡಾಕ್ಟರುಗಳಿದ್ದೀರಿ, ಮೇಷ್ಟ್ರುಗಳಿದ್ದೀರಿ. ಶಂಟ್, ಕ್ಯಾಥೆಟರ್ ಬಗ್ಗೆ ತಿಳಿಗನ್ನಡದಲ್ಲಿ ಒಂದೊಂದು ಪುಟ ಬರೆದುಕೊಡ್ತೀರಾ? ಚಿತ್ರ ಹಾಕಿ ಸರಿಯಾಗಿ ಜೋಡಿಸುವ ಕೆಲಸ ನಂದು. ರಾತ್ರಿ ಹನ್ನೆರಡಕ್ಕೆ ಯಾರೋ ಒಬ್ಬ ಅಪ್ಪ ಕನ್ನಡದಲ್ಲಿ ಹುಡುಕಿದಾಗ ಅದು ಸಿಗಬೇಕು.

ಹೋದ ತಿಂಗಳು ಗೆಳೆಯನ ಊರಿಗೆ ಹೋಗಿದ್ದೆ. ಹುಡುಗ ಜಗುಲಿಯ ಮೇಲೆ ತೆವಳಿಕೊಂಡು ಬಂದು ನನ್ನ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತುಕೊಂಡ. ಕಾಲಿಗೆ ಕ್ಯಾಲಿಪರ್ ಅಳತೆ ಕೊಟ್ಟು ಬಂದಿದ್ದಾರಂತೆ. ದಿನಕ್ಕೆ ನಾಲ್ಕು ಸಲ ಕ್ಯಾಥೆಟರ್ ನಡೀತಾ ಇದೆ, ಊದಿದ್ದ ಕಿಡ್ನಿ ಹದಕ್ಕೆ ಬಂದಿದೆ. ದೊಡ್ಡಪ್ಪ ಅಲ್ಲೇ ಅಡಿಕೆ ಕತ್ತರಿಸ್ತಾ ಕೂತಿದ್ದರು. ಅವನು ಚಾರ್ಜರ್ ಬಾಯಿಗೆ ಹಾಕಿಕೊಂಡದ್ದನ್ನು ಬಿಡಿಸಿ, ಗೆಳೆಯನ ಕಡೆ ತಿರುಗಿ ಕೇಳಿದರು. "ಅಂತೂ ಎಲ್ಲ ಸರಿ ಹೋಯ್ತಾ ಮಾರಾಯ?"

"ನಡೀತಾ ಇದೆ ದೊಡ್ಡಪ್ಪ" ಅಂದ ಇವನು.